ಕೆಂಪು ಗೀಟು ಹಾಕುವ ಕೈ

ಕೆಂಪನಕುಂಟೆಯ ನಲ್ಲಪ್ಪನನ್ನು ಯಾರಾದರೂ ‘ಡಾಕ್ಟ್ರೇ’ ಎಂದು ಕರೆದರೆ ಅವನಿಗೆ ಮೈಯೆಲ್ಲ ಉರಿಯುತ್ತದೆ. ಹಾಗೆ ಕರೆಯುವವರಲ್ಲಿ ಅರ್ಧ ಜನ ಗೇಲಿಗೆ ಕರೆಯುತ್ತಾರೆ, ಇನ್ನರ್ಧ ಜನ ನಿಜವಾಗಿ ನಂಬಿ ಕರೆಯುತ್ತಾರೆ. ಗೇಲಿ ಮಾಡುವವರನ್ನು ಅವನು ಹೇಗೋ ಸಹಿಸಿಕೊಳ್ಳುತ್ತಾನೆ. ನಂಬಿ ಬಂದವರನ್ನು ಕಂಡರೆ ಮಾತ್ರ ಹಿತ್ತಲ ಬಾಗಿಲಿನಿಂದ ಎದ್ದು ಹೋಗಿಬಿಡೋಣ ಅನ್ನಿಸುತ್ತದೆ.

ಅವನು ಡಾಕ್ಟರಲ್ಲ. ಮೂವತ್ತನಾಲ್ಕು ವರ್ಷ ಡಾಕ್ಟರ್ ಅನಂತರಾಮಯ್ಯನವರ ಹತ್ತಿರ ಕಾಂಪೌಂಡರ್ ಆಗಿದ್ದವನು. ಮೇಲೂರಿನಿಂದ ಮೂರು ಮೈಲಿ ಒಳಕ್ಕಿರುವ ಈ ಊರಿನಲ್ಲಿ, ಹಾಲಿನ ಡೇರಿಯ ಪಕ್ಕ, ಎರಡು ಕೋಣೆಯ ಕ್ಲಿನಿಕ್ ಇತ್ತು. ಅನಂತರಾಮಯ್ಯನವರು ಶಿಡ್ಲಘಟ್ಟದಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಬೆಳಗ್ಗೆ ಹನ್ನೊಂದಕ್ಕೆ ಬಾಗಿಲು ತೆಗೆದರೆ ಒಂದೂವರೆಗೆ ಮುಚ್ಚುತ್ತಿದ್ದರು, ಮತ್ತೆ ಸಂಜೆ ಏಳಕ್ಕೆ ತೆಗೆಯುತ್ತಿದ್ದರು. ಹೊಸದಾಗಿ ಬಂದವರಿಗೆ ಇದೆಂಥ ಟೈಮು ಅನ್ನಿಸುತ್ತಿತ್ತು. ಆದರೆ ರೇಷ್ಮೆ ಹುಳ ಸಾಕುವ ಊರಿನಲ್ಲಿ ಬೆಳಗ್ಗೆ ಹನ್ನೊಂದರವರೆಗೆ ಯಾರಿಗೂ ಪುರಸೊತ್ತಿರುವುದಿಲ್ಲ. ತೋಟಕ್ಕೆ ಹೋಗಿ ಹಿಪ್ಪುನೇರಳೆ ಸೊಪ್ಪು ಕೊಯ್ಯಬೇಕು, ಹೊತ್ತು ತರಬೇಕು, ಹುಳುಮನೆಯಲ್ಲಿ ಹರವಬೇಕು. ಸಂಜೆ ಮತ್ತೆ ಅದೇ ಕೆಲಸ. ಮನುಷ್ಯ ಒಂದು ಹೊತ್ತು ಉಪವಾಸ ಬಿದ್ದುಕೊಳ್ಳಬಹುದು, ಹುಳ ಬಿದ್ದುಕೊಳ್ಳುವುದಿಲ್ಲ. ಡಾಕ್ಟರಿಗೆ ಇದು ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಕ್ಲಿನಿಕ್ಕಿಗೆ ಜನ ಬರುತ್ತಿದ್ದರು.

ಅವರದೊಂದು ಪದ್ಧತಿ ಇತ್ತು. ಆಳಿಗೊಂದು ಚೀಟಿ ಬರೆಯುತ್ತಿರಲಿಲ್ಲ, ಮನೆಗೊಂದು ಚೀಟಿ. ಬೂದು ಬಣ್ಣದ ದಪ್ಪ ರಟ್ಟಿನ ಮೇಲೆ ಮನೆಯ ಹೆಸರು: ಬಾವಿ ಮನೆ, ಮೂಲೆ ಮನೆ, ಗಾಣದವರ ಮನೆ. ಕೆಳಗೆ ಅತ್ತೆ, ಸೊಸೆ, ಗಂಡ, ಮಗು ಎಲ್ಲರ ಕಾಯಿಲೆಗಳೂ ಒಂದರ ಕೆಳಗೊಂದು. ಹೊಸ ಮಾತ್ರೆ ಕೊಟ್ಟರೆ ನೀಲಿ ಇಂಕಿನಲ್ಲಿ ಬರೆಯುವರು. ಆ ಮಾತ್ರೆ ಸಾಕು ಅನ್ನಿಸಿದ ದಿನ ಅದರ ಮೇಲೆ ಕೆಂಪು ಇಂಕಿನಲ್ಲಿ ಒಂದು ಗೀಟು ಎಳೆಯುವರು. ಕೆಂಪು ಗೀಟು ಬೀಳುವವರೆಗೆ ಮಾತ್ರೆ ಬಿಡುವಂತಿಲ್ಲ. ಕ್ಷಯಕ್ಕೆ ಮಾತ್ರೆ ಕೊಟ್ಟರೆ ಜನ ಎರಡು ತಿಂಗಳಲ್ಲಿ ‘ಗುಣ ಆಯ್ತು’ ಎಂದು ಬಿಟ್ಟು, ಆರು ತಿಂಗಳಿಗೆ ರಕ್ತ ಕಾರಿಕೊಂಡು ಬರುತ್ತಿದ್ದ ಕಾಲದಲ್ಲಿ ಮಾಡಿದ ನಿಯಮ ಅದು.

ನಿಯಮ ಮಾಡಿದ್ದು ಡಾಕ್ಟರು, ಅದನ್ನು ಊರಿನ ತಲೆಗೆ ತುಂಬಿದ್ದು ನಲ್ಲಪ್ಪ. ಔಷಧಿ ಕೊಡುವ ಕಿಟಕಿಯಲ್ಲಿ ನಿಂತು, ಪ್ರತಿಯೊಬ್ಬರಿಗೂ, ಪ್ರತಿಸಲವೂ, ಕಿವಿ ಕೆಪ್ಪಾಗುವ ಹಾಗೆ ಕೂಗುತ್ತಿದ್ದ. “ಕೆಂಪು ಗೀಟು ಬೀಳೋಗಂಟ ಮಾತ್ರೆ ಬಿಡಂಗಿಲ್ಲ. ಗೀಟು ಯಾರು ಹಾಕ್ತಾರೆ?” ಎಂದು ಕೇಳಿದರೆ ಕಿಟಕಿಯ ಆಚೆ ನಿಂತವರು “ಡಾಕ್ಟ್ರು” ಎನ್ನಬೇಕು. ಅನ್ನದಿದ್ದರೆ ಮಾತ್ರೆ ಕೈಗೆ ಬರುತ್ತಿರಲಿಲ್ಲ. ಸ್ಕೂಲ್ ಮೇಷ್ಟರು ಮಗ್ಗಿ ಹೇಳಿಸಿದ ಹಾಗೆ ಮೂವತ್ತನಾಲ್ಕು ವರ್ಷ ಹೇಳಿಸಿದ. ಊರು ಕಲಿತುಬಿಟ್ಟಿತು.

ಎರಡು ವರ್ಷದ ಹಿಂದೆ ಡಾಕ್ಟರು ತೀರಿಕೊಂಡರು. ಅವರ ಮಕ್ಕಳಲ್ಲಿ ಯಾರೂ ವೈದ್ಯಕೀಯ ಓದಿದವರಲ್ಲ. ಹೊಸ ಡಾಕ್ಟರು ಯಾರಾದರೂ ಬಂದು ಕೂರುತ್ತಾರೇನೋ ಎಂದು ಊರಿನವರು ಒಂದು ವರ್ಷ ಕಾದರು. ಯಾರೂ ಬರಲಿಲ್ಲ. ಕ್ಲಿನಿಕ್ ಇದ್ದ ಜಾಗದಲ್ಲಿ ಈಗ ಬೇಕರಿ ಇದೆ. ಔಷಧಿ ಕೊಡುತ್ತಿದ್ದ ಕಿಟಕಿಯಲ್ಲಿ ಬೆಣ್ಣೆ ಬಿಸ್ಕತ್ತು ಕೊಡುತ್ತಾರೆ. ನಲ್ಲಪ್ಪ ಆ ಕಡೆ ತಲೆ ಹಾಕುವುದಿಲ್ಲ.

ಪಕ್ಕದ ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಡಾಕ್ಟರಿದ್ದಾರೆ, ಇಲ್ಲವೆನ್ನುವ ಹಾಗಿಲ್ಲ. ಅವರಿಗೆ ಇನ್ನೆರಡು ಕಡೆ ಡ್ಯೂಟಿ. ಈ ಕೇಂದ್ರಕ್ಕೆ ಬರುವುದು ಬುಧವಾರ ಮತ್ತು ಶನಿವಾರ, ಅದೂ ಬೆಳಗ್ಗೆ, ಸರಿಯಾಗಿ ಸೊಪ್ಪಿನ ಹೊತ್ತಿನಲ್ಲಿ. ಟೌನಿನ ದೊಡ್ಡಾಸ್ಪತ್ರೆಯ ಓಪಿಡಿ ಎನ್ನುವ ಹೊರರೋಗಿ ವಿಭಾಗವೂ ಅಷ್ಟೇ. ಹನ್ನೆರಡೂವರೆಗೆ ಟೋಕನ್ ನಿಲ್ಲಿಸುತ್ತಾರೆ. ಸೊಪ್ಪು ಮುಗಿಸಿ, ಮುಖ ತೊಳೆದು, ಬಸ್ಸು ಹಿಡಿದು ಹೋಗುವಷ್ಟರಲ್ಲಿ ಕಿಟಕಿ ಮುಚ್ಚಿರುತ್ತದೆ. ಮತ್ತೆ ತೆಗೆಯುವುದು ಎರಡಕ್ಕೆ, ಅಲ್ಲಿಯವರೆಗೆ ಕಾದು ಕೂತರೆ ಸಂಜೆಯ ಸೊಪ್ಪು ತಪ್ಪುತ್ತದೆ. ಎಷ್ಟೊತ್ತಿಗೆ ಹೋದರೂ ಬಾಗಿಲು ತೆರೆದಿರುವುದು ಒಂದೇ ಕಡೆ, ತುರ್ತು ಚಿಕಿತ್ಸೆಯ ಕ್ಯಾಶುವಾಲ್ಟಿ. ಹೀಗಾಗಿ ಕೆಂಪನಕುಂಟೆಯವರು ನೆಗಡಿಗೂ ಕ್ಯಾಶುವಾಲ್ಟಿಗೆ, ಮಾತ್ರೆ ಮುಗಿದರೂ ಕ್ಯಾಶುವಾಲ್ಟಿಗೆ, ಮುಳ್ಳು ತುಳಿದರೂ ಕ್ಯಾಶುವಾಲ್ಟಿಗೆ ಹೋಗಲು ಶುರುಮಾಡಿದರು. ಅಲ್ಲಿನವರು ಇವರನ್ನು ಕಂಡು ಸಿಡುಕಲು ಶುರುಮಾಡಿದರು.

ಹಾಗಾದರೆ ನಲ್ಲಪ್ಪನೇ ಒಂದು ಮಾತ್ರೆ ಕೊಡಬಾರದಾಗಿತ್ತೇ ಎಂದರೆ, ಕೊಟ್ಟಿದ್ದ. ಡಾಕ್ಟರು ಸತ್ತ ಹೊಸದರಲ್ಲಿ ಮನೆಯ ಜಗಲಿಯ ಮೇಲೆ ಕೂತು ಬಿಪಿ ನೋಡಿದ್ದ, ಜ್ವರದ ಮಾತ್ರೆ ಕೊಟ್ಟಿದ್ದ. ಯಾರೋ ಅರ್ಜಿ ಬರೆದರು. ತಾಲ್ಲೂಕಿನಿಂದ ಜೀಪು ಬಂತು. ಬಿಪಿ ಮಿಷನ್ನು ಎತ್ತಿಕೊಂಡು ಹೋದರು, ‘ನಾನು ವೈದ್ಯನಲ್ಲ, ಇನ್ನು ಮುಂದೆ ಯಾರಿಗೂ ಚಿಕಿತ್ಸೆ ನೀಡುವುದಿಲ್ಲ’ ಎಂದು ಬರೆಸಿ ಸಹಿ ಹಾಕಿಸಿಕೊಂಡರು. ಅವರದೇನೂ ತಪ್ಪಿಲ್ಲ ಎಂದು ನಲ್ಲಪ್ಪನೇ ಹೇಳುತ್ತಾನೆ. ಕಂಡಕಂಡವರೆಲ್ಲ ಸೂಜಿ ಹಿಡಿದರೆ ಜನ ಉಳಿಯುತ್ತಾರೆಯೇ? ಆದರೆ ಆ ಜೀಪು ವಾಪಸು ಹೋಗುವಾಗ ಒಬ್ಬ ಡಾಕ್ಟರನ್ನು ಇಳಿಸಿಹೋಗಲಿಲ್ಲವಲ್ಲ ಎಂಬ ಸಿಟ್ಟು ಮಾತ್ರ ಅವನಿಗೆ ಇವತ್ತಿಗೂ ಇದೆ.

ಹೀಗಿರುವಾಗ ಒಂದು ಭಾನುವಾರ ಅವನು ಬಾವಿ ಮನೆಗೆ ಹೋದ. ಬಾವಿ ಮನೆಯ ಅಮ್ಮಾಜಮ್ಮನಿಗೆ ಅರವತ್ತನಾಲ್ಕು. ನಲ್ಲಪ್ಪನಿಗಿಂತ ಮೂರು ವರ್ಷ ದೊಡ್ಡವಳು, ಅವನಿಗೆ ಅಕ್ಕನ ಸಲುಗೆ. ಗಂಡ ಮುನಿಶಾಮಪ್ಪ ತೋಟ ನೋಡಿಕೊಂಡರೆ ಹುಳುಮನೆ ಪೂರಾ ಅವಳದೇ. ಹುಳ ದೊಡ್ಡವಾಗಿ ಹಗಲು ರಾತ್ರಿ ಸೊಪ್ಪಿಗೆ ಮುಗಿಬೀಳುವ ಕೊನೆಯ ವಾರ ಅದು. ಆ ವಾರ ಅಕ್ಕಪಕ್ಕದವರು ಕೈ ಹಾಕುವುದು ವಾಡಿಕೆ. ನಲ್ಲಪ್ಪ ಸೊಪ್ಪಿನ ಹೊರೆ ಇಳಿಸಿ ನೋಡುತ್ತಾನೆ, ಹುಳದ ತಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ ಅಮ್ಮಾಜಮ್ಮ ಎದ್ದವಳು ಬಾಗಿಲ ಚೌಕಟ್ಟು ಹಿಡಿದು ಕಣ್ಣು ಮುಚ್ಚಿ ನಿಂತುಬಿಟ್ಟಳು.

“ಏನಕ್ಕಾ?”

“ಏನಿಲ್ಲ ಕಣಪ್ಪ. ಎದ್ರೆ ಒಂದು ಗಳಿಗೆ ಭೂಮಿ ಗಿರ್ರಂತದೆ. ನಿಂತ್ಕಂಡ್ರೆ ಸರಿಹೋಗ್ತದೆ.”

“ಎಷ್ಟು ದಿನದಿಂದ?”

“ಒಂದು ತಿಂಗ್ಳಾಯ್ತೇನೋ. ವಯಸ್ಸಾಯ್ತಲ್ಲ, ಬಿಡು.”

ನಲ್ಲಪ್ಪ ಬಿಡಲಿಲ್ಲ. ಯಾವ ಮಾತ್ರೆ ನುಂಗುತ್ತಿದ್ದೀಯ ತೋರಿಸು ಎಂದ. ಅವಳು ಒಳಗಿನಿಂದ ಒಂದು ಪ್ಲಾಸ್ಟಿಕ್ ಕವರು ತಂದು ಮಡಿಲಿಗೆ ಸುರಿದುಕೊಂಡಳು. ಮೂರು ಶೀಟು ಮಾತ್ರೆ. ಮೂರು ಬೇರೆ ಬೇರೆ ಕಂಪನಿ, ಮೂರು ಬೇರೆ ಬೇರೆ ಹೆಸರು. ನಲ್ಲಪ್ಪ ಕನ್ನಡಕ ಏರಿಸಿ ಶೀಟು ತಿರುಗಿಸಿ, ಹಿಂದೆ ಸಣ್ಣಕ್ಷರದಲ್ಲಿ ಬರೆದಿದ್ದ ಔಷಧಿಯ ಹೆಸರು ಓದಿದ. ಮೂರರಲ್ಲೂ ಒಂದೇ ಔಷಧಿ. ಬಿಪಿ ಇಳಿಸುವ ಮಾತ್ರೆ.

“ಮೂರೂ ನುಂಗ್ತಿದೀಯಾ?”

“ಹೂಂ ಮತ್ತೆ. ಒಂದು ನಮ್ಮ ಡಾಕ್ಟ್ರಪ್ಪ ಬರೆದಿದ್ದು, ಚೀಟಿಯಾಗೈತೆ. ಅದು ಒಂದ್ಸಲ ಮುಗ್ದೋಗಿ ತಲೆ ಭಾರ ಬಂತಲ್ಲ, ನೀನೇ ದೊಡ್ಡಾಸ್ಪತ್ರೆಗೆ ಹೋಗು ಅಂದೆ. ಆವತ್ತು ಕ್ಯಾಶುವಾಲ್ಟಿಯಾಗಿದ್ದ ಡಾಕ್ಟ್ರು ಇದು ಕೊಟ್ರು. ಸಂಕ್ರಾಂತಿ ಆದ್ಮೇಲೆ ಮತ್ತೆ ಮುಗೀತು, ಹುಳ ಬಿಟ್ಟು ಹೋಗಾಕಾಗ್ಲಿಲ್ಲ, ಮೂಗಾಗೆ ರಕ್ತ ಬಂತು. ಆವತ್ತು ಇನ್ನೊಬ್ರಿದ್ರು. ಅವ್ರು ಇದು ಬರೆದ್ರು.”

“ಅವ್ರು ಕೇಳ್ಲಿಲ್ವಾ, ಮೊದ್ಲು ಯಾವ್ದು ನುಂಗ್ತಿದ್ದೆ ಅಂತ?”

“ಕೇಳಿದ್ರು. ಬಿಳೇದು ಅಂದೆ.”

ಮೂರೂ ಬಿಳಿಯವೇ. ನಲ್ಲಪ್ಪ ತಲೆ ಚಚ್ಚಿಕೊಂಡ. ಮಾತ್ರೆ ಮುಗಿದು ಬಿಪಿ ಏರಿದಾಗಲೇ ಇವಳು ಹೋಗುವುದು. ಅವರು ನೋಡಿದಾಗಲೆಲ್ಲ ಏರಿಯೇ ಇರುತ್ತದೆ. ಏರಿದ್ದನ್ನು ನೋಡಿ ಒಂದು ಮಾತ್ರೆ ಬರೆಯುತ್ತಾರೆ. ಇವಳು ಮನೆಗೆ ಬಂದು ಅದನ್ನೂ ನುಂಗುತ್ತಾಳೆ, ಮೇಲೂರಿನ ಮೆಡಿಕಲ್ ಸ್ಟೋರಿನಿಂದ ಹಳೆಯದನ್ನೂ ತರಿಸಿ ನುಂಗುತ್ತಾಳೆ.

“ಅಕ್ಕಾ, ಎರಡು ಬಿಟ್ಬಿಡು. ಒಂದು ಸಾಕು.”

ಅಮ್ಮಾಜಮ್ಮ ಅವನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದಳು. “ಬಿಡಾದಾ? ಗೀಟೆಲ್ಲಿ ಬಿದ್ದೈತೆ? ಕೆಂಪು ಗೀಟು ಬೀಳೋಗಂಟ ಬಿಡಂಗಿಲ್ಲ ಅಂತ ಕಿಟಕಿಯಾಗೆ ನಿಂತ್ಕಂಡು ಗಂಟ್ಲು ಹರ್ಕಂತಿದ್ದೋನು ನೀನೇ ತಾನೆ?”

ನಲ್ಲಪ್ಪ ತಾನೇ ಕಟ್ಟಿದ ಗೋಡೆಗೆ ತಾನೇ ಹೋಗಿ ಹಣೆ ಬಡಿಸಿಕೊಂಡಿದ್ದ.

ಅವಳು ಬೀಳುತ್ತಾಳೆ ಎಂಬುದು ಅವನಿಗೆ ಖಾತ್ರಿಯಾಗಿ ಗೊತ್ತಿತ್ತು. ಈ ವಯಸ್ಸಿನಲ್ಲಿ, ಅಷ್ಟೊತ್ತು ಕುಕ್ಕರುಗಾಲಲ್ಲಿ ಕೂತು, ದಿನಕ್ಕೆ ಇಪ್ಪತ್ತು ಸಲ ಏಳುವವಳು, ಇಷ್ಟು ಮಾತ್ರೆ ನುಂಗಿದರೆ ಇವತ್ತಲ್ಲ ನಾಳೆ ಬಿದ್ದೇ ಬೀಳುತ್ತಾಳೆ. ಬಿದ್ದರೆ ಸೊಂಟ. ಅನಂತರಾಮಯ್ಯನವರಿದ್ದಿದ್ದರೆ ಎಷ್ಟು ಹೊತ್ತಿನ ಕೆಲಸ ಇದು? ಚೀಟಿ ತೆಗೆದು, ‘ಇದೇನಮ್ಮಾಜಮ್ಮ, ಮಾತ್ರೇಲೇ ಹೊಟ್ಟೆ ತುಂಬಿಸ್ಕೋತಿದೀಯಾ’ ಎಂದು ಬೈದು, ಎರಡು ಗೀಟು ಎಳೆಯುತ್ತಿದ್ದರು. ಸ್ಕೂಟರ್ ನಿಲ್ಲಿಸುವಷ್ಟು ಹೊತ್ತೂ ಬೇಕಿರಲಿಲ್ಲ.

ಅಲ್ಲಿಂದ ಅವನು ಸೀದಾ ಮೇಲೂರಿನ ಮೆಡಿಕಲ್ ಸ್ಟೋರಿಗೆ ಹೋಗಿ ಭಾನುಪ್ರಕಾಶನನ್ನು ಹಿಡಿದ. ಅಂಗಡಿಯವನಾದರೂ ಒಂದು ಮಾತು ಹೇಳಿದರೆ ಕೇಳಬಹುದೇನೋ ಎಂಬ ಆಸೆ.

“ನಲ್ಲಪ್ಪಣ್ಣ, ನೀವೇ ಹೇಳಿ,” ಎಂದ ಭಾನುಪ್ರಕಾಶ್. “ಚೀಟಿ ತಂದ್ರೆ ಕೊಡೋದು ನನ್ನ ಕೆಲ್ಸ. ಬಿಡಿ ಅನ್ನೋದು ನನ್ನ ಕೆಲ್ಸ ಅಲ್ಲ. ನಾಳೆ ಬಿಪಿ ಏರಿ ಹೆಚ್ಚುಕಮ್ಮಿ ಆದ್ರೆ ನನ್ ಕುತ್ಗೆಗೆ ಬರ್ತದೆ. ಡಾಕ್ಟ್ರ ಹತ್ರ ಬರೆಸ್ಕೊಂಡು ಬನ್ನಿ.”

ಡಾಕ್ಟರ ಹತ್ತಿರ ಬರೆಸಿಕೊಂಡು ಬನ್ನಿ! ಎಲ್ಲರೂ ಹೇಳುವುದು ಇದೇ. ಅಂಗಡಿಗೆ ಹೋಗಿ ಹಾಲು ತಗೊಂಡು ಬನ್ನಿ ಅಂದಷ್ಟು ಸಲೀಸಾಗಿ ಹೇಳುತ್ತಾರೆ.

ಸೋಮವಾರ ಅಮ್ಮಾಜಮ್ಮನನ್ನು ಹೊರಡಿಸಿದ. ಅವಳು ಸುತರಾಂ ಒಪ್ಪಿರಲಿಲ್ಲ, ಕೊನೇ ವಾರ ಹುಳ ಬಿಟ್ಟು ಬರುವವರುಂಟೇ ಎಂದಿದ್ದಳು. ನಲ್ಲಪ್ಪ ತನ್ನ ಹೆಂಡತಿಯನ್ನು ಹುಳುಮನೆಗೆ ಕಳಿಸಿದ ಮೇಲೆ, ಬೆಳಗಿನ ಸೊಪ್ಪು ಮುಗಿಸಿಯೇ ಬರುತ್ತೇನೆ ಎಂದು ಹಟ ಹಿಡಿದು ಹೊರಟಳು. ದೇವರ ಪಟದ ಹಿಂದಿದ್ದ ಮನೆ ಚೀಟಿಯನ್ನೂ ಕ್ಯಾಶುವಾಲ್ಟಿಯವರು ಬರೆದುಕೊಟ್ಟಿದ್ದ ಎರಡು ಚೀಟಿಗಳನ್ನೂ ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ದೊಡ್ಡಾಸ್ಪತ್ರೆ ತಲುಪಿದಾಗ ಗಂಟೆ ಹನ್ನೆರಡೂ ನಲವತ್ತು. ಟೋಕನ್ ಕಿಟಕಿ ಹತ್ತು ನಿಮಿಷದ ಹಿಂದೆ ಮುಚ್ಚಿತ್ತು. ಒಳಗೆ ಆಳು ಕೂತಿರುವುದು ಗಾಜಿನಲ್ಲಿ ಕಾಣುತ್ತಿತ್ತು. ನಲ್ಲಪ್ಪ ಗಾಜು ತಟ್ಟಿದ. ಆಳು ಗೋಡೆಯ ಗಡಿಯಾರ ತೋರಿಸಿದ.

ಕ್ಯಾಶುವಾಲ್ಟಿಗೆ ಬಂದರು. ಬಾಗಿಲಲ್ಲಿ ಪದ್ಮಶ್ರೀ ಎಂಬ ನರ್ಸು ಇದ್ದಳು. ಗೌರಿಬಿದನೂರಿನ ಕಡೆಯವಳು, ಹತ್ತು ವರ್ಷದಿಂದ ಅಲ್ಲೇ ಇರುವವಳು, ಕೆಂಪನಕುಂಟೆಯವರ ಮುಖವೆಲ್ಲ ಅವಳಿಗೆ ಪರಿಚಯ.

“ಏನ್ ನಲ್ಲಪ್ಪಣ್ಣ, ಇವತ್ತು ಯಾರನ್ ಕರ್ಕೊಂಡ್ ಬಂದ್ರಿ?”

ಅವನು ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು, ಅದೇ ದೊಡ್ಡದು. ಒಳಗೆ ಹೋಗಿ ಡ್ಯೂಟಿ ಡಾಕ್ಟರಿಗೆ ತಿಳಿಸಿದಳು. ಕನ್ನಡಕದ ಎಳೆಯ ಡಾಕ್ಟರು ಪರದೆ ಸರಿಸಿ ಅಮ್ಮಾಜಮ್ಮನನ್ನು ಒಂದು ಸಲ ನೋಡಿದರು.

“ಎದೆ ನೋವಿದ್ಯಾ? ಇಲ್ಲ. ನಡ್ಕೊಂಡು ಬಂದಿದ್ದಾರಲ್ಲ? ಇದು ಎಮರ್ಜೆನ್ಸಿ ಅಲ್ಲ. ಓಪಿಡಿಗೆ ಕಳಿಸಿ.”

“ಓಪಿಡಿ ಮುಚ್ಚೈತೆ ಸ್ವಾಮಿ,” ಎಂದ ನಲ್ಲಪ್ಪ.

“ಎರಡು ಗಂಟೆಗೆ ತೆಗೀತಾರೆ.” ಪರದೆ ಮುಚ್ಚಿತು.

ಪದ್ಮಶ್ರೀ ದನಿ ತಗ್ಗಿಸಿದಳು. “ಬೇಜಾರ್ ಮಾಡ್ಕೋಬೇಡಿ. ಅವ್ರು ನೆನ್ನೆಯಿಂದ ಮನೆಗ್ ಹೋಗಿಲ್ಲ. ಇಲ್ಲಿಗ್ ನೂರು ಜನ ಬಂದ್ರೆ ಎಪ್ಪತ್ ಜನ ಇಲ್ಲಿಗ್ ಬರಬೇಕಾದೋರೇ ಅಲ್ಲ. ಎಲ್ ಹೋಗ್ಬೇಕು ಅಂತ ಕೇಳಿದ್ರೆ ನನ್ ಹತ್ರಾನೂ ಉತ್ತರ ಇಲ್ಲ.”

ಎರಡು ಗಂಟೆಗೆ ಟೋಕನ್ ಸಿಕ್ಕಿತು. ಎರಡು ಕೋಣೆಯಲ್ಲಿ ಒಂದಕ್ಕೆ ಬೀಗ, ಆ ಡಾಕ್ಟರು ಕೋರ್ಟಿಗೆ ಸಾಕ್ಷಿ ಹೇಳಲು ಹೋಗಿದ್ದರು. ಇನ್ನೊಂದು ಕೋಣೆಯ ಮುಂದೆ ಎಂಬತ್ತು ಜನ. ಅಮ್ಮಾಜಮ್ಮ ಗೋಡೆಗೆ ಒರಗಿ ಕೂತು ಹುಳಕ್ಕೆ ಮಧ್ಯಾಹ್ನದ ಸೊಪ್ಪು ಹಾಕಿದರೋ ಇಲ್ಲವೋ ಎಂದು ಹಲುಬಿದಳು. ಮೂರೂ ಮುಕ್ಕಾಲಿಗೆ ಒಳಗೆ ಕರೆದರು. ಅಲ್ಲಿನ ಡಾಕ್ಟರು ಚೀಟಿಗಳನ್ನು ನೋಡಿ ಹಿಂದಕ್ಕೆ ತಳ್ಳಿದರು. “ಇದೆಲ್ಲ ಕ್ಯಾಶುವಾಲ್ಟೀಲಿ ಬರೆದಿರೋದು. ಅವ್ರು ಯಾವ ಕಾರಣಕ್ಕೆ ಕೊಟ್ಟಿದ್ದಾರೋ ನಂಗೇನ್ ಗೊತ್ತು? ಅಲ್ಲೇ ಬಿಪಿ ನೋಡಿಸಿ, ಅವರನ್ನೇ ಕೇಳಿ.”

ನಲ್ಲಪ್ಪನಿಗೆ ಬೇಕಾಗಿದ್ದದ್ದು ಔಷಧಿಯಲ್ಲ, ಇಂಜೆಕ್ಷನ್ನಲ್ಲ, ಹಾಸಿಗೆಯಲ್ಲ. ಎರಡು ಗೀಟು. ಮಾತ್ರೆ ಬರೆಯುವುದಕ್ಕೆ ಇಷ್ಟು ಜನ ಡಾಕ್ಟರಿದ್ದಾರೆ, ಬಿಡಿಸುವುದಕ್ಕೆ ಒಬ್ಬರೂ ಇಲ್ಲವಲ್ಲ ಎಂದು ಅವನು ಗಟ್ಟಿಯಾಗಿಯೇ ಗೊಣಗಿಕೊಂಡು ಮತ್ತೆ ಕ್ಯಾಶುವಾಲ್ಟಿಗೆ ನಡೆದ.

ಈ ಸಲ ಪದ್ಮಶ್ರೀ ಡಾಕ್ಟರನ್ನು ಕಾಡಿಬೇಡಿ ಇವರನ್ನು ಒಳಕ್ಕೆ ಬಿಟ್ಟಳು. ಅದೇ ಕನ್ನಡಕದ ಡಾಕ್ಟರು ಅಮ್ಮಾಜಮ್ಮನನ್ನು ಕೂರಿಸಿ ಬಿಪಿ ನೋಡಿದರು. “ನೂರಾ ನಾಲ್ಕು, ಎಪ್ಪತ್ತು. ಅಜ್ಜಿ ಬಿಪಿ ನನಗಿಂತ ಚೆನ್ನಾಗಿದೆ. ಏನ್ ಮಾತ್ರೆ ತಗೋತಿದ್ದೀರೋ ಅದನ್ನೇ ಮುಂದುವರಿಸಿ.”

“ಸ್ವಾಮಿ, ಕೂತಾಗ ಸರಿಯಾಗೇ ಇರ್ತದೆ. ಎದ್ದಾಗ ನೋಡಿ. ಇವಳಿಗೆ ನೂರಾ ನಾಲ್ಕು ಬಾಳ ಕಮ್ಮಿ, ಮೊದ್ಲಿಂದಾನೂ ನೂರಾ ನಲವತ್ತು ಇರೋಳು...”

“ನೀವು ಡಾಕ್ಟರಾ?”

“ಇಲ್ಲ ಸ್ವಾಮಿ. ಕಾಂಪೌಂಡರು.”

ಡಾಕ್ಟರು ನಕ್ಕರು. ಆಗ ನಲ್ಲಪ್ಪ ಒಂದು ತಪ್ಪು ಮಾಡಿದ. ಮೂರು ಶೀಟು ತೆಗೆದು ಮೇಜಿನ ಮೇಲಿಟ್ಟು ‘ಮೂರೂ ಒಂದೇ’ ಎಂದಿದ್ದರೆ ಸಾಕಾಗಿತ್ತು. ಅದು ಬಿಟ್ಟು, ಮರ್ಯಾದೆಯಾಗಿ ಮೊದಲಿನಿಂದ ಹೇಳಬೇಕು ಎಂದುಕೊಂಡು ಬೂದು ರಟ್ಟಿನ ಮನೆ ಚೀಟಿ ಬಿಚ್ಚಿದ. ನಮ್ಮ ಡಾಕ್ಟರು ಹೀಗೆ ಬರೆಯುತ್ತಿದ್ದರು, ನೀಲಿ ಅಂದರೆ ಇದು, ಕೆಂಪು ಅಂದರೆ ಇದು, ಇವಳು ಇವಳತ್ತೆ, ಇದು ಮುನಿಶಾಮಪ್ಪನ ಮೂಲವ್ಯಾಧಿ...

“ಇದೇನು, ವಂಶವೃಕ್ಷನಾ?” ಎಂದರು ಡಾಕ್ಟರು. ಅಷ್ಟರಲ್ಲಿ ಹೊರಗೆ ಕೂಗಾಟ ಎದ್ದಿತು. ಹೈವೇಯಲ್ಲಿ ಟೆಂಪೋ ಮಗುಚಿ ನಾಲ್ಕು ಜನರನ್ನು ಒಟ್ಟಿಗೆ ತಂದಿದ್ದರು. ಡಾಕ್ಟರು ಎದ್ದು ಓಡಿದರು. ಓಡಬೇಕಾದದ್ದೇ. ರಕ್ತ ಸುರಿಯುತ್ತಿರುವವರನ್ನು ಬಿಟ್ಟು ಗೀಟು ಎಳೆಯುತ್ತಾ ಕೂರಿ ಎಂದು ಯಾರು ಹೇಳಿಯಾರು? ನಲ್ಲಪ್ಪ ಶೀಟುಗಳನ್ನು ಕವರಿಗೆ ಹಾಕಿಕೊಂಡು ಅಮ್ಮಾಜಮ್ಮನನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದ.

“ನೋಡಿದ್ಯಾ, ಬಿಪಿ ಬಾಳ ಚೆನ್ನಾಗೈತಂತೆ,” ಎಂದಳು ಅಮ್ಮಾಜಮ್ಮ ಬಸ್ಸಿನಲ್ಲಿ. “ಅದನ್ನೇ ತಗಾ ಅಂದ್ರಲ್ಲ. ಸುಮ್ನೆ ಒಂದ್ ದಿನ ಹಾಳ್ ಮಾಡ್ದೆ.”

ಮಂಗಳವಾರ ನಲ್ಲಪ್ಪ ಜೀವನದಲ್ಲಿ ಮಾಡದ ಕೆಲಸ ಮಾಡಿದ. ಮುನಿಶಾಮಪ್ಪನಿಂದ ಮನೆ ಚೀಟಿ ತರಿಸಿಕೊಂಡ. ಅನಂತರಾಮಯ್ಯನವರು ಬರೆದ ಮಾತ್ರೆಯ ಕೆಳಗೆ ಕ್ಯಾಶುವಾಲ್ಟಿಯ ಎರಡು ಮಾತ್ರೆಗಳ ಹೆಸರನ್ನು ತಾನೇ ನೀಲಿಯಲ್ಲಿ ಬರೆದ. ಕೆಂಪು ಪೆನ್ನು ಹಿಡಿದ. ತಾಲ್ಲೂಕಿನವರಿಗೆ ಬರೆದುಕೊಟ್ಟ ಮುಚ್ಚಳಿಕೆ ನೆನಪಾಯಿತು. ಅದಕ್ಕಿಂತ ಹೆಚ್ಚಾಗಿ ಡಾಕ್ಟರ ಮುಖ ನೆನಪಾಯಿತು. ಮೂವತ್ತನಾಲ್ಕು ವರ್ಷದಲ್ಲಿ ಒಂದು ದಿನವೂ ಅವನು ಆ ಪೆನ್ನು ಮುಟ್ಟಿದವನಲ್ಲ. ಹೆಂಡತಿ ಬಾಗಿಲಲ್ಲಿ ನಿಂತು, “ಜೈಲಿಗೆ ಹೋದ್ರೆ ಬುತ್ತಿ ತರಲ್ಲ ನಾನು” ಎಂದಳು. ಅವನು ಎರಡು ಗೀಟು ಎಳೆದೇಬಿಟ್ಟ.

ಹುಳುಮನೆಗೆ ಹೋಗಿ, “ಅಕ್ಕಾ, ಗೀಟು ಬಿದ್ದೈತೆ ನೋಡು. ಇವೆರಡು ಇವತ್ತಿಂದ ಬೇಡ” ಎಂದ.

ಅಮ್ಮಾಜಮ್ಮನ ಕಣ್ಣು ಅರಳಿತು. “ಹೌದಾ! ಯಾವ ಡಾಕ್ಟ್ರು ಹಾಕಿದ್ರು?”

“ಅದೇ... ಟೌನಾಗೆ ಒಬ್ರು.”

“ನೆನ್ನೆ ಯಾರೂ ಹಾಕ್ಲಿಲ್ಲ. ಇವತ್ತು ಬೆಳಗ್ಗೆ ನೀನು ನಮ್ಮನೆಗೇ ಸೊಪ್ಪು ಹೊತ್ತಿದೀಯಾ. ಯಾವ ಬಸ್ಸಾಗ್ ಹೋಗಿದ್ದೆ?”

ನಲ್ಲಪ್ಪ ಗೋಡೆ ನೋಡಿದ. ಅಮ್ಮಾಜಮ್ಮ ನಗಲು ಶುರುಮಾಡಿದಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಯ್ಯೋ ದೇವುಡಾ, ನೀನೇ ಗೀಚಿದೀಯಾ! ಅಷ್ಟು ವರ್ಷ ಡಾಕ್ಟ್ರ ಪಕ್ಕ ನಿಂತೋನು, ಒಂದ್ ಸುಳ್ಳು ಹೇಳಾದ್ ಕಲೀಲಿಲ್ವಲ್ಲಪ್ಪ.”

“ಅಕ್ಕಾ, ಕಾಲಿಗ್ ಬೀಳ್ತೀನಿ. ಬಿದ್ದು ಸೊಂಟ ಮುರ್ಕಂತೀಯಾ ನೀನು.”

ಅವಳ ನಗು ನಿಂತಿತು. ಅವನ ತೋಳು ಹಿಡಿದು ಮೆತ್ತಗೆ ಹೇಳಿದಳು. “ನಿನ್ ಮನ್ಸು ನಂಗೊತ್ತು ಕಣಪ್ಪ. ನೀನು ಒಡಹುಟ್ಟಿದೋನ ಹಂಗೆ. ಆದ್ರೆ ನೀನು ಡಾಕ್ಟ್ರಲ್ಲ. ಗೀಟು ಯಾರು ಹಾಕ್ತಾರೆ ಅಂತ ನೀನು ಕೇಳ್ತಿದ್ದಾಗ ನಾನು ಏನಂತಿದ್ದೆ?”

ಅವಳೇ ಹೇಳಿದಳು. “ಡಾಕ್ಟ್ರು.” ಚೀಟಿ ತೆಗೆದುಕೊಂಡು ಹೋಗಿ ಪಟದ ಹಿಂದೆ ಇಟ್ಟಳು. ಅವನೆದುರಿಗೇ ಮೂರು ಮಾತ್ರೆ ಅಂಗೈಗೆ ಹಾಕಿಕೊಂಡು ನೀರು ಕುಡಿದಳು.

ಮುನಿಶಾಮಪ್ಪನನ್ನು ಹಿಡಿದು ಶೀಟು ಬಚ್ಚಿಡು ಎಂದರೆ, “ನನ್ ಮಾತು ಅವಳು ಯಾವತ್ ಕೇಳವಳೆ? ಬಚ್ಚಿಟ್ರೆ ಬಸ್ ಹತ್ತಿ ಮತ್ತೆ ಕ್ಯಾಶುವಾಲ್ಟಿಗೆ ಹೋಗ್ತಾಳೆ, ನಾಕನೇದು ತರ್ತಾಳೆ” ಎಂದ. ಅದೂ ನಿಜವೇ. ಬುಧವಾರ ನಲ್ಲಪ್ಪ ಕವರು ಹಿಡಿದು ಆರೋಗ್ಯ ಕೇಂದ್ರಕ್ಕೆ ಓಡಿದ, ಡಾಕ್ಟರನ್ನು ಊರಿಗೇ ಕರೆತರುತ್ತೇನೆ ಎಂದುಕೊಂಡು. ಡಾಕ್ಟರು ಟ್ರೈನಿಂಗಿಗೆ ಹೋಗಿದ್ದರು. ಅಲ್ಲಿದ್ದವರು ಶನಿವಾರ ಬನ್ನಿ ಎಂದರು. ಅವತ್ತು ಸಂಜೆ ನಲ್ಲಪ್ಪ ಊಟ ಮಾಡಲಿಲ್ಲ. ಸತ್ತ ಡಾಕ್ಟರ ಮೇಲೂ ಅವನಿಗೆ ಸಿಟ್ಟು ಬಂತು. ಹೋಗುವ ಮೊದಲು ಎಲ್ಲಾ ಚೀಟಿಗೂ ಗೀಟು ಹಾಕಿ ಹೋಗಬಾರದಿತ್ತೇ ಎಂದು ಹೆಂಡತಿಯ ಮುಂದೆ ಅಸಂಬದ್ಧ ಮಾತಾಡಿದ.

ಗುರುವಾರ ಬಾವಿ ಮನೆಯ ಹುಳ ಹಣ್ಣಾದವು. ಹಣ್ಣಾದ ಹುಳವನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು, ಆ ಬಿದಿರು ತಟ್ಟೆಯ ಮೇಲೆಯೇ ಅವು ಗೂಡು ಕಟ್ಟುವುದು. ತಡಮಾಡಿದರೆ ಕೆಟ್ಟಿತು. ಅಮ್ಮಾಜಮ್ಮ ಬೆಳಗ್ಗೆಯಿಂದ ಕುಕ್ಕರುಗಾಲು ಬಿಟ್ಟಿರಲಿಲ್ಲ. ಹತ್ತೂವರೆಗೆ ಕಾಫಿ ಬಂತು ಎಂದು ಎದ್ದಳು. ಪಕ್ಕದಲ್ಲಿ ಹುಳ ಆರಿಸುತ್ತಿದ್ದ ನಲ್ಲಪ್ಪ “ಅಕ್ಕಾ, ಚೌಕಟ್ಟು ಹಿಡ್ಕೋ” ಅನ್ನುವಷ್ಟರಲ್ಲಿ ಅವಳು ಕಡಿದ ಮರದ ಹಾಗೆ ಹೊಸ್ತಿಲ ಕಲ್ಲಿನ ಮೇಲೆ ಬಿದ್ದಳು. ಎಡಗಾಲು ಹೊರಕ್ಕೆ ತಿರುಗಿಕೊಂಡಿತ್ತು. ಕೈಯಲ್ಲಿದ್ದ ಹುಳವನ್ನು ಮಾತ್ರ ನಜ್ಜಾಗದ ಹಾಗೆ ಎತ್ತಿ ಹಿಡಿದಿದ್ದಳು.

ಆಂಬುಲೆನ್ಸು ಬೇಗ ಬಂತು. ಕ್ಯಾಶುವಾಲ್ಟಿಯ ಬಾಗಿಲಲ್ಲಿ ಈ ಸಲ ಯಾರೂ ತಡೆಯಲಿಲ್ಲ. ಟೋಕನ್ ಬೇಕಾಗಲಿಲ್ಲ, ಗಡಿಯಾರ ನೋಡಲಿಲ್ಲ, ಕಾಡಿಬೇಡಲಿಲ್ಲ. ಸ್ಟ್ರೆಚರ್ ಸೀದಾ ಒಳಗೆ ಹೋಯಿತು. ಪದ್ಮಶ್ರೀ ಮುಖ ನೋಡಿ ಗುರುತು ಹಿಡಿದಳು. “ಅಯ್ಯೋ ಅಮ್ಮಾ” ಎನ್ನುತ್ತಲೇ ನೋವಿಗೆ ಇಂಜೆಕ್ಷನ್ ತುಂಬಿದಳು. ಕನ್ನಡಕದ ಎಳೆಯ ಡಾಕ್ಟರೇ ಡ್ಯೂಟಿಯಲ್ಲಿದ್ದರು. ಕಾಲು ನೋಡಿ, ಬಿಪಿ ನೋಡಿ, “ಎಂಬತ್ತಕ್ಕೆ ಇಳಿದಿದೆಯಲ್ಲ! ಯಾವ ಮಾತ್ರೆ ತಗೋತಿದ್ರು?” ಎಂದರು.

ನಲ್ಲಪ್ಪ ಈ ಸಲ ಕಥೆ ಹೇಳಲಿಲ್ಲ. ಮೂರು ಶೀಟನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟ, ಅವುಗಳ ಪಕ್ಕ ಕ್ಯಾಶುವಾಲ್ಟಿಯ ಎರಡು ಚೀಟಿ ಇಟ್ಟ.

ಡಾಕ್ಟರು ತಿರುಗಿಸಿ ಓದಿದರು. “ಮೂರೂ ಒಂದೇ ಅಲ್ರೀ ಇದು! ಯಾರು ಕೊಟ್ಟಿದ್ದು ಇಷ್ಟೊಂದು?” ಎಂದವರೇ ಜೇಬಿನಿಂದ ಪೆನ್ನು ತೆಗೆದು, ಎರಡು ಚೀಟಿಗಳ ಮೇಲೆ ಸರಸರ ಗೀಟು ಎಳೆದು, ಪಕ್ಕದಲ್ಲಿ ಸಹಿ ಹಾಕಿದರು. ಉಸಿರು ಎಳೆದು ಬಿಡುವಷ್ಟು ಹೊತ್ತೂ ಹಿಡಿಯಲಿಲ್ಲ. ಅದೇ ಉಸಿರಿನಲ್ಲಿ ನಲ್ಲಪ್ಪನ ಕಡೆ ತಿರುಗಿ ಗದರಿದರು. “ವಯಸ್ಸಾದವರ ವಿಷಯದಲ್ಲಿ ಇಷ್ಟು ಅಸಡ್ಡೆ ಮಾಡ್ತಾರಾ? ಬೀಳೋದಕ್ಕೆ ಮುಂಚೆ ಒಂದು ಸಲ ಯಾರಿಗಾದ್ರೂ ತೋರಿಸಬಾರದಿತ್ತಾ?”

“ತೋರ್ಸಿದ್ವಿ ಸ್ವಾಮಿ,” ಎಂದ ನಲ್ಲಪ್ಪ. ದನಿ ಏರಿತ್ತು. “ಸೋಮವಾರ ತೋರ್ಸಿದ್ವಿ. ಎರಡು ಸಲ. ನಿಮ್ಗೇ ತೋರ್ಸಿದ್ವಿ.”

ಡಾಕ್ಟರು ಅವನನ್ನು ನೋಡಿದರು, ಅಮ್ಮಾಜಮ್ಮನನ್ನು ನೋಡಿದರು. ನೆನಪಾಯಿತೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ. ಸ್ಟ್ರೆಚರಿನ ಮೇಲಿಂದ ಅಮ್ಮಾಜಮ್ಮ ಕೈ ಚಾಚಿ ನಲ್ಲಪ್ಪನ ಅಂಗಿ ಹಿಡಿದೆಳೆದಳು.

“ಸುಮ್ಕಿರಪ್ಪ,” ಎಂದಳು ನೋವಿನಲ್ಲೇ. “ಡಾಕ್ಟ್ರಿಗೆ ಹಂಗೆಲ್ಲ ಅನ್ನಬಾರ್ದು.”

ಆಪರೇಷನ್ ಆಯಿತು, ಸೊಂಟಕ್ಕೆ ರಾಡು ಹಾಕಿದರು. ಅಮ್ಮಾಜಮ್ಮ ಈಗ ವಾಕರ್ ಹಿಡಿದು ಜಗಲಿಯವರೆಗೆ ಬರುತ್ತಾಳೆ, ಹುಳುಮನೆಯ ಹೊಸ್ತಿಲು ದಾಟುವುದಿಲ್ಲ. ಆ ಎರಡು ಮಾತ್ರೆಗಳನ್ನು ಅವತ್ತಿನಿಂದ ಅವಳು ಮುಟ್ಟಿಲ್ಲ. ಡಾಕ್ಟರು ಬೇಡ ಎಂದಿದ್ದಾರಲ್ಲ.